ಚಿಕ್ಕಮ್ಮನ ಪಾಲಿನ ಎಣ್ಣೆ

ನಮ್ಮ ಮನೆಯ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಎಣ್ಣೆ ಹತ್ತುತ್ತಿತ್ತು. ಯಾರೂ ಗೋಡೆಗೆ ಎಣ್ಣೆ ಬಳಿದವರಲ್ಲ. ಕೊಡಿಗೇನಹಳ್ಳಿ ಸೀಮೆಯ ನಮ್ಮ ಊರಿಗೆಲ್ಲ ಇದ್ದದ್ದು ಒಂದೇ ಗಾಣ, ಅದು ನಮ್ಮ ಮನೆಯೊಳಗೇ ಇತ್ತು. ಗಾಣದ ಅಂಕಣಕ್ಕೂ ನಾವು ಉಂಡು ಮಲಗುವ ನಡುಮನೆಗೂ ನಡುವೆ ಎದೆಯುದ್ದದ ಮಣ್ಣಿನ ಗೋಡೆ. ಅದರಾಚೆ ಕಲ್ಲಿನ ಒರಳು, ಒರಳಿನೊಳಗೆ ಒನಕೆಗಿಂತ ದಪ್ಪನೆಯ ಮರದ ಕಂಬ, ಕಂಬಕ್ಕೆ ಸೇರಿಸಿದ ನೊಗ, ಆ ನೊಗ ಹೊತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸುತ್ತುವ ಬಸವ ಅನ್ನುವ ಎತ್ತು. ಬೆಳಗಿನಿಂದ ಸಂಜೆತನಕ ಮರ ಕಲ್ಲಿಗೆ ಉಜ್ಜಿ ಕುಯ್ಯೋ ಅನ್ನುತ್ತಿತ್ತು. ಆ ಸದ್ದಿನಲ್ಲೇ ನಾನು ಮುದ್ದೆ ನುಂಗಿದ್ದು, ಆ ಸದ್ದಿನಲ್ಲೇ ಮಧ್ಯಾಹ್ನ ಅಮ್ಮನ ತೊಡೆಯ ಮೇಲೆ ನಿದ್ದೆ ಹೋದದ್ದು. ಅರೆನಿದ್ದೆಯಲ್ಲಿ ನನಗೆ ಬಸವ ನಿಂತೇ ಇದ್ದಾನೆ, ಮನೆಯೇ ಅವನ ಸುತ್ತ ಮೆಲ್ಲಗೆ ತಿರುಗುತ್ತಿದೆ ಅನ್ನಿಸುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ಕಡಲೆಕಾಯಿ ಹಿಂಡಿಯ ಧೂಳು ಚಿನ್ನದ ಪುಡಿಯಾಗಿ ಆಡುತ್ತಿತ್ತು. ಆ ಧೂಳು ಕೂತು ಕೂತು ಗೋಡೆಗಳೂ ನಮ್ಮ ಜೊತೆ ಎಣ್ಣೆ ಉಣ್ಣುತ್ತಿದ್ದವೋ ಏನೋ.

ಈ ಮನೆಯ ಯಜಮಾನಿ ನಮ್ಮಜ್ಜಿ, ಅಪ್ಪನ ತಾಯಿ. ಎಣ್ಣೆಯೆಂದರೆ ಆಕೆಗೆ ದೇವರ ಇನ್ನೊಂದು ಹೆಸರು. ಮಕ್ಕಳ ನೆತ್ತಿಗೆ, ಹೊಕ್ಕಳಿಗೆ, ಕಿವಿಗೆ, ಬಾಗಿಲ ತಿರುಗಣಿಗೆ, ಎತ್ತಿನ ಕೋಡಿಗೆ, ಸೊಂಟ ಹಿಡಿದ ನೆರೆಮನೆಯವರಿಗೆ ಎಲ್ಲಕ್ಕೂ ಒಂದೇ ಮದ್ದು. ಗಾಡಿಯ ಅಚ್ಚು ಕಿರುಗುಟ್ಟಿದರೂ, ಮನುಷ್ಯರು ನರಳಿದರೂ ಆಕೆ ಹೇಳುತ್ತಿದ್ದ ಮಾತು ಒಂದೇ.

"ಎಣ್ಣೆ ಕಾಣದ್ದು ಕಿರುಗುಟ್ತದೆ ಕಣಮ್ಮ. ಇಷ್ಟು ಎಣ್ಣೆ ಬುಡು, ಸುಮ್ಕಾಗ್ತದೆ."

ಹೆಚ್ಚಿನ ಸಲ ಸುಮ್ಮನಾಗುತ್ತಲೂ ಇತ್ತು. ಅದಕ್ಕೇ ಆ ಮಾತನ್ನು ಯಾರೂ ಎದುರಾಡುತ್ತಿರಲಿಲ್ಲ. ನಾನೂ ಹಾಗೇ ನಂಬಿ ಬೆಳೆದವಳು. ಇವತ್ತಿಗೂ ಮೊಮ್ಮಕ್ಕಳ ಕಾಲು ನೋವಿಗೆ ಮೊದಲು ನನ್ನ ಕೈ ಹೋಗುವುದು ಎಣ್ಣೆಯ ಬಟ್ಟಲಿಗೆ.

ವರ್ಷಕ್ಕೊಂದು ದಿನ ಗಾಣಕ್ಕೆ ಹಬ್ಬ. ದೀಪಾವಳಿ ಕಳೆದು ಹೊಸ ಕಡಲೆಕಾಯಿ ಬಿಡಿಸಿ, ಮೊದಲ ಬೀಜ ಒರಳಿಗೆ ಬೀಳುವ ದಿನ ಒರಳಿಗೆ ಅರಿಶಿನ ಕುಂಕುಮ ಇಟ್ಟು, ಬಸವನಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದರು. ಬೀಜ ನುರಿದು ಬರುವಾಗ ಅಪ್ಪ ಮೇಲೆ ಬಿಸಿನೀರು ಚಿಮುಕಿಸುತ್ತಿದ್ದ. ಆಗ ಅಲ್ಲಿಯವರೆಗೆ ಬಿಗಿಹಿಡಿದಿದ್ದ ಬೀಜ ಎಣ್ಣೆ ಬಿಟ್ಟುಕೊಡುತ್ತಿತ್ತು. ಆ ಮೊದಲೆಣ್ಣೆ ಒರಳಿನ ಮುಂದಿನ ದೀಪಕ್ಕೆ. ಆಮೇಲೆ ಅಜ್ಜಿ ಸೌಟು ಹಿಡಿದು ಕೂರುತ್ತಿದ್ದಳು. ಮನೆಯ ಪ್ರತಿಯೊಬ್ಬರೂ ಬಂದು ಅಂಗೈ ಒಡ್ಡಬೇಕು, ಅವಳು ಸೌಟು ಬಗ್ಗಿಸಿದಷ್ಟನ್ನು ಅಲ್ಲೇ ನೆಕ್ಕಿ, ಉಳಿದದ್ದನ್ನು ತಲೆಗೆ ಸವರಿಕೊಳ್ಳಬೇಕು. ಬಿಸಿ ಬಿಸಿಯಾದ ಆ ಎಣ್ಣೆಯ ಹಸಿ ಪರಿಮಳ, ಗಂಟಲಲ್ಲಿ ಜಾರುವಾಗಿನ ಆ ನುಣುಪು ನನ್ನ ನಾಲಿಗೆಯಲ್ಲಿ ಇನ್ನೂ ಇದೆ. ಮೊದಲೆಣ್ಣೆ ತಿಂದವರೇ ಆ ಮನೆಯವರು ಅಂತ ಲೆಕ್ಕ. ಹಾಲು ಕುಡಿಯುವ ಕೂಸಿನ ತುಟಿಗೂ ಬೆರಳಲ್ಲಿ ಒತ್ತುತ್ತಿದ್ದರು.

ಆ ಮನೆಗೆ ಚಿಕ್ಕಪ್ಪನ ಹೆಂಡತಿಯಾಗಿ ಬಂದವಳು ಅಂಜಿನಮ್ಮ, ನಮ್ಮ ಚಿಕ್ಕಮ್ಮ. ಪಾವಗಡದಿಂದ ಆಚೆ, ಆಂಧ್ರದ ಗಡಿಗೆ ಅಂಟಿದ ಊರಿನವಳು. ತಾಯಿ ಇರಲಿಲ್ಲ, ಅಪ್ಪ ಮತ್ತು ಒಬ್ಬ ಅಣ್ಣ ಮಾತ್ರ. ಕನ್ನಡದೊಳಗೆ ತೆಲುಗು ಬೆರೆಸಿ, ಪ್ರತಿ ಮಾತಿನ ಕೊನೆಯನ್ನು ಎಳೆದು ಹಾಡಿನಂತೆ ಆಡುತ್ತಿದ್ದಳು. ಊಟಕ್ಕೆ ಕೂತಾಗ ಅಜ್ಜಿ ಎಣ್ಣೆಯ ಗಿಂಡಿ ಹಿಡಿದು ಬಂದರೆ ಮುದ್ದೆಯ ಮೇಲೆ ಕೈ ಅಡ್ಡ ಹಿಡಿದು "ಚಾಲತ್ತೇ, ಚಾಲು" ಅನ್ನುತ್ತಿದ್ದಳು. ಸಾಕು ಅನ್ನುವುದಕ್ಕೆ ಅವರ ಕಡೆಯ ಮಾತು ಅದು. ಅಜ್ಜಿ ಅದನ್ನೇ ಅಣಕಿಸುತ್ತಿದ್ದಳು.

"ಚಾಲು ಅಂತೆ ಚಾಲು! ಬೆರಳು ನೆನೆಯೋವಷ್ಟು ಬಿದ್ದಿಲ್ಲ, ಚಾಲು. ಗಾಣದ ಮನೆ ಸೊಸೆ ಮುಖ ನೋಡಿದ್ರೆ ಬರಗಾಲದ ಹೊಲ ನೋಡ್ದಂಗೆ ಐತೆ."

"ನಮ್ಮ ಕಡೆ ಊಟ ಅಂಗೇ ಅತ್ತೆ. ಉಪ್ಪು ಖಾರ ಇದ್ರೆ ಆಯ್ತು."

"ನಿಮ್ಮ ಕಡೇದು ನಿಮ್ಮ ಕಡೇಗೆ. ಇದು ನಮ್ಮ ಕಡೆ."

ಇದೆಲ್ಲ ಮೊದಮೊದಲು ನಗೆಯಾಟವೇ. ಚಿಕ್ಕಮ್ಮನೂ ನಗುತ್ತಿದ್ದಳು, ಚಿಕ್ಕಪ್ಪ ಮೀಸೆಯ ಮರೆಯಲ್ಲಿ ನಗುತ್ತಿದ್ದ. ಅವಳು ನನ್ನ ಜಡೆ ಹೆಣೆಯುತ್ತ, ಅವರೂರ ಬಂಡೆಗಳ ಮೇಲೆ ಮಳೆನೀರು ನಿಂತು ಆಕಾಶ ಕಾಣುವ ಕಥೆ ಹೇಳುತ್ತಿದ್ದಳು. ಅವಳ ಕೈಗೆ ಮಾತ್ರ ನಮ್ಮ ಮನೆಯ ವಾಸನೆ ಹತ್ತಿರಲಿಲ್ಲ. ಹುಣಸೆಹಣ್ಣಿನ, ಬಿಸಿಲಲ್ಲಿ ಒಣಗಿದ ಹತ್ತಿ ಬಟ್ಟೆಯ ವಾಸನೆ ಇರುತ್ತಿತ್ತು.

ನಗೆಯಾಟ ನಿಂತದ್ದು ಅವಳು ಬಾಣಂತಿಯಾದಾಗ. ತವರಲ್ಲಿ ತಾಯಿ ಇಲ್ಲವಲ್ಲ, ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಹೆಣ್ಣುಮಗು. ನಾವು ಪುಟ್ಟಿ ಅಂತ ಕರೆದೆವು. ಅಜ್ಜಿ ತಾಯಿಯ ಜಾಗದಲ್ಲಿ ನಿಂತು ಬಾಣಂತನ ಮಾಡಿದಳು, ಅದನ್ನು ನಾನು ಮರೆಯಬಾರದು. ಕತ್ತಲೆ ಕೋಣೆ, ಬೆಂಕಿಯ ಶಾಖ, ಸಾಂಬ್ರಾಣಿ ಹೊಗೆ, ಮೈಗೆಲ್ಲ ಹರಳೆಣ್ಣೆ. ಊಟಕ್ಕೆ ಕೊಬ್ಬರಿ, ಎಳ್ಳು, ಬೆಳ್ಳುಳ್ಳಿ, ಅನ್ನ ಮುಳುಗುವಷ್ಟು ತುಪ್ಪ. ಪ್ರತಿ ಊಟದ ಮೇಲೂ ಒಂದಿಷ್ಟು ಹೊತ್ತು ಬಿಟ್ಟು ಚಿಕ್ಕಮ್ಮ ಬಲಗಡೆ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡು ಮುದುಡುತ್ತಿದ್ದಳು. ನೋವು ಬೆನ್ನಿಗೆ ಹಾಯ್ದು ಹೆಗಲಿಗೆ ಏರುತ್ತಿತ್ತಂತೆ. ನಾನು ಬಾಗಿಲ ಸಂದಿಯಿಂದ ನೋಡಿದರೆ ಹೊಗೆಯೊಳಗೆ ಅವಳ ಬೆವರಿದ ಹಣೆ ಮಾತ್ರ ಹೊಳೆಯುತ್ತಿತ್ತು.

ಅಜ್ಜಿಗೆ ಕಾರಣ ಗೊತ್ತಿತ್ತು.

"ಹುಟ್ಟಿದಾಗ್ಲಿಂದ ಎಣ್ಣೆ ಕಂಡಿಲ್ಲ ಈ ಮೈ. ಒಳಗೆಲ್ಲ ಒಣಗಿ ಕಿರುಗುಟ್ತಾ ಐತೆ. ಕೂಸು ಹೆತ್ತ ಮೈ ಬೇರೆ. ತುಪ್ಪ ಜಾಸ್ತಿ ಹಾಕಮ್ಮ ದೊಡ್ಡ ಸೊಸೆ."

ದೊಡ್ಡ ಸೊಸೆ ಅಂದರೆ ನಮ್ಮಮ್ಮ. ಅಮ್ಮ ಹಾಕುತ್ತಿದ್ದಳು. ನೋವು ಹೆಚ್ಚುತ್ತಿತ್ತು. ನೋವು ಹೆಚ್ಚಿದಷ್ಟೂ ಅಜ್ಜಿ ತುಪ್ಪ ಹೆಚ್ಚಿಸುತ್ತಿದ್ದಳು. ಇದರಲ್ಲಿ ಹಗೆ ಇರಲಿಲ್ಲ. ಅಚ್ಚು ಕೂಗಿದರೆ ಎಣ್ಣೆ ಹಾಕಿ ಬಾಳಿದ ಮನೆಯಲ್ಲಿ ಇನ್ನು ಹೇಗೆ ತಾನೆ ಯೋಚಿಸುತ್ತಾರೆ?

ಆ ವರ್ಷದ ಮೊದಲೆಣ್ಣೆಯ ದಿನ ಚಿಕ್ಕಮ್ಮ ಸ್ನಾನ ಮಾಡಿ, ಪುಟ್ಟಿಯನ್ನು ಎತ್ತಿಕೊಂಡು ಬಂದಳು. ಅಜ್ಜಿ ಸೌಟು ತುಂಬ ಬಗ್ಗಿಸಿದಳು. ಚಿಕ್ಕಮ್ಮ ಕಣ್ಣು ಮುಚ್ಚಿ ಅಂಗೈಯನ್ನು ಬಾಯಿಗೆ ಒಯ್ದಳು, ಆಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡಳು. ಸೆರಗಿನ ಮೇಲೆ ಎಣ್ಣೆ ಅಗಲವಾಗಿ ಹರಡಿತು. ನುಂಗಿರಲಿಲ್ಲ, ಉಗುಳಿದ್ದಳು. ಎಣ್ಣೆ ಬಟ್ಟೆಯ ಮೇಲೆ ಸುಳ್ಳು ಹೇಳುವುದಿಲ್ಲ. ಎಲ್ಲರೂ ಕಂಡರು. ಚಿಕ್ಕಪ್ಪ ಬಸವನನ್ನು ನಿಲ್ಲಿಸಿದ. ಕುಯ್ಯೋ ಅನ್ನುವ ಸದ್ದು ನಿಂತಿತು.

"ಉಗುಳಿದೆಯಾ?" ಅಂದಳು ಅಜ್ಜಿ.

"ಅತ್ತೆ, ನೋವಾಯ್ತದೆ. ದೇವ್ರಾಣೆಗೂ ನೋವಾಯ್ತದೆ. ಬೇಕೂ ಅಂತ ಮಾಡ್ಲಿಲ್ಲ."

"ಶನಿದೇವ್ರಿಗೆ ನಮ್ಮನೆ ಎಣ್ಣೆ ಬೇಕು, ಮಾರಮ್ಮಂಗೆ ಬೇಕು. ನಿನಗೆ ಬ್ಯಾಡ. ನಮ್ಮನೆ ಎಣ್ಣೆ ಅರಗಿಸಿಕೊಳ್ಳದ ಹೊಟ್ಟೆ ನಮ್ಮನೇಲಿ ಹೆಂಗಮ್ಮ ಇರ್ತದೆ? ನಿಮ್ಮಣ್ಣಂಗೆ ಹೇಳಿ ಕಳಿಸ್ತೀನಿ. ಕರ್ಕೊಂಡು ಹೋಗಲಿ. ಅರಗೋ ದಿನ ಬಂದಾಗ ಬಾ."

ಅಪ್ಪ ತಲೆ ತಗ್ಗಿಸಿದ. ಚಿಕ್ಕಪ್ಪ ಬಸವನ ಕೊರಳ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ, ಬಿಚ್ಚಿ ಮತ್ತೆ ಕಟ್ಟಿದ. ನಮ್ಮ ಕಡೆ ಹಾಗೆ ಹೋದ ಹೆಣ್ಣು ಮರಳಿ ಬಂದ ಮನೆಗಳು ಕಡಿಮೆ. ನನಗೆ ಅದು ಗೊತ್ತಿರಲಿಲ್ಲ, ಆದರೆ ಅಮ್ಮನ ಮುಖ ನೋಡಿ ಗೊತ್ತಾಯಿತು. ಆ ದಿನವೆಲ್ಲ ನಾನು ಪುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ.

ಚಿಕ್ಕಮ್ಮನ ಅಣ್ಣ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಹೊತ್ತಿಗೆ ಅವಳ ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಅಜ್ಜಿ ಕಾಮಾಲೆ ಅಂದು ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸಿದ್ದಳು. ಬಾಣಂತಿಯ ಚಾಕರಿ ಮಾಡುವವರ ಕಣ್ಣಿಗೆ ಬೀಳುವ ಸಂಗತಿಗಳಿರುತ್ತವೆ. ಹೇಳಬಾರದ್ದೇನಲ್ಲ, ಮೈಯ ಮಾತು ತಾನೆ. ಅಮ್ಮ ಹಿತ್ತಲಿನಿಂದ ಬಂದವಳೇ ಅಜ್ಜಿಯ ಮುಂದೆ ನಿಂತಳು. ಅಮ್ಮ ಅಜ್ಜಿಯ ಮುಂದೆ ಸೊಂಟ ನೆಟ್ಟಗೆ ಮಾಡಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅತ್ತೆ, ಅವಳು ಹೊರಕಡೆಗೆ ಕೂತೆದ್ದಿದ್ದು ಸುಣ್ಣದಂಗೆ ಬೆಳ್ಳಗೈತೆ. ನೀರು ಹುಯ್ದರೆ ಮ್ಯಾಲೆ ಜಿಡ್ಡು ತೇಲ್ತದೆ. ತಿಂದ ತುಪ್ಪ ಹೋದಂಗೇ ಆಚೆಗೆ ಬತ್ತಾ ಐತೆ. ಮೈಗೆ ಹತ್ತೇ ಇಲ್ಲ. ಇವಳು ಸೊಕ್ಕಿಗೆ ಉಗುಳಿದ್ದಲ್ಲ."

ಅಮ್ಮ ಅಲ್ಲಿಗೇ ಬಿಡಲಿಲ್ಲ.

"ಗಾಡಿ ಹೆಂಗೂ ಕಟ್ಟೈತೆ. ಪಾವಗಡದ ಕಡೆಗೆ ಹೋಗೋ ಗಾಡಿ ಮಧುಗಿರಿ ಕಡೆಗೆ ತಿರುಗಲಿ. ದವಾಖಾನೇಲಿ ಡಾಕ್ಟ್ರಮ್ಮ ಅವ್ರೆ ಅಂತ ಸಂತೆಗೆ ಹೋದೋರು ಹೇಳ್ತಿದ್ರು. ತೋರಿಸ್ಕಂಡು ಬರಾನ. ಆಮ್ಯಾಕೆ ನೀವು ಹೇಳ್ದಂಗೆ."

ಅಣ್ಣ ತಂಗಿಯನ್ನು ಕರೆದೊಯ್ಯಲು ತಂದ ಗಾಡಿಯೇ ಆ ದಿನ ನಮಗೆ ಸಿಕ್ಕಿತು. ದೇವರು ಉಪಕಾರ ಮಾಡುವಾಗ ನಮ್ಮ ಕೋಪದ ಸಾಮಾನನ್ನೇ ಬಳಸಿಕೊಳ್ಳುತ್ತಾನೆ ಅಂತ ನಾನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಚಿಕ್ಕಮ್ಮನನ್ನು ಹುಲ್ಲಿನ ಮೇಲೆ ಮಲಗಿಸಿದರು, ಅಮ್ಮ ಹತ್ತಿದಳು, ಮಗು ಹಿಡಿಯಲು ನನ್ನನ್ನು ಹತ್ತಿಸಿಕೊಂಡಳು. ಚಿಕ್ಕಪ್ಪ, ಅವಳ ಅಣ್ಣ ಗಾಡಿಯ ಮುಂದೆ. ಗಾಡಿ ಹೊರಡಬೇಕು ಅನ್ನುವಾಗ ಅಜ್ಜಿ ಒಂದು ಸೀಸೆ ಎಣ್ಣೆ ಹಿಡಿದು ಬಂದು ಹಿಂದಿನಿಂದ ಹತ್ತಿ ಕೂತಳು.

"ಬರಿಗೈಲಿ ಹೋಗ್ತಾರಾ ಯಾರಾನ?"

ಮಧುಗಿರಿಯ ಬೆಟ್ಟ ದೂರದಲ್ಲಿ ಮೊದಲು ನೀಲಿಯಾಗಿ, ಆಮೇಲೆ ಬೂದಿಯಾಗಿ, ಆಮೇಲೆ ಆಕಾಶದ ಅರ್ಧವಾಗಿ ಬೆಳೆಯಿತು. ಗಾಡಿ ತೂಗುವಾಗ ಚಿಕ್ಕಮ್ಮನ ತಲೆ ಜಾರಿ ಜಾರಿ ಅಜ್ಜಿಯ ತೊಡೆಯ ಮೇಲೆ ಬಂತು. ಅಜ್ಜಿ ಅದನ್ನು ಸರಿಸಲಿಲ್ಲ.

ಡಾಕ್ಟ್ರಮ್ಮ ದಪ್ಪ ಕನ್ನಡಕದ, ಮೆಲುದನಿಯ ಹೆಂಗಸು. ಹೊಟ್ಟೆ ಒತ್ತಿ ನೋಡಿದರು, ಕಣ್ಣ ರೆಪ್ಪೆ ಎಳೆದು ನೋಡಿದರು, ಅಮ್ಮ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಅಜ್ಜಿಗೆ ತಡೆಯಲಾಗಲಿಲ್ಲ.

"ಎಣ್ಣೆ ಕಮ್ಮಿಯಾಗೈತಾ ತಾಯಿ?"

ಡಾಕ್ಟ್ರಮ್ಮ ನಕ್ಕರು. ಮೇಜಿನ ಮೇಲಿದ್ದ ಗಾಜಿನ ಲೋಟಕ್ಕೆ ನೀರು ಬಗ್ಗಿಸಿ, ಅಜ್ಜಿಯ ಸೀಸೆಯಿಂದಲೇ ಒಂದಿಷ್ಟು ಎಣ್ಣೆ ಹುಯ್ದರು. ಎಣ್ಣೆ ಮೇಲೆದ್ದು ಹೊನ್ನಿನ ಬಿಲ್ಲೆಯಾಗಿ ನಿಂತಿತು.

"ನೋಡಿ ಅಜ್ಜಿ, ಹೊಟ್ಟೆಯೊಳಗೂ ಮೊದಲು ಹೀಗೇ. ಎಣ್ಣೆ ನೀರಿಗೆ ಸೇರೋದಿಲ್ಲ, ತೇಲುತ್ತೆ. ಹೀಗಿದ್ದರೆ ಮೈ ಅದನ್ನ ಹೀರಿಕೊಳ್ಳೋಕೆ ಆಗೋದಿಲ್ಲ."

ಕೈ ತೊಳೆಯುವ ಸೋಪಿನ ನೀರನ್ನು ಅದಕ್ಕೆ ಸುರಿದು, ಲೋಟದ ಬಾಯಿಗೆ ಅಂಗೈ ಮುಚ್ಚಿ ಅಲುಗಿಸಿದರು. ಲೋಟದೊಳಗೆಲ್ಲ ಹಾಲು ಹಾಲಾಯಿತು. ಎಣ್ಣೆ ಎಲ್ಲಿಗೆ ಹೋಯಿತೋ ಕಾಣಲಿಲ್ಲ.

"ಅಂಟುವಾಳ ಹಾಕ್ದಂಗೆ," ಅಂದಳು ಅಜ್ಜಿ.

"ಹಾಗೇ. ಕಾರ್ಜದಲ್ಲಿ, ಅದೇ ಲಿವರಿನಲ್ಲಿ, ಪಿತ್ತ ಅಂತ ಒಂದು ರಸ ಆಗುತ್ತೆ. ಅದೇ ನಮ್ಮೊಳಗಿನ ಅಂಟುವಾಳ. ಕಾರ್ಜದ ಕೆಳಗೆ ಒಂದು ಪುಟ್ಟ ಚೀಲ ಇದೆ, ಪಿತ್ತ ಅಲ್ಲಿ ಕಾಯ್ಕೊಂಡಿರುತ್ತೆ. ತುಪ್ಪ, ಎಣ್ಣೆ ಕರುಳಿಗೆ ಬಂತು ಅಂತ ಗೊತ್ತಾದ ತಕ್ಷಣ ಚೀಲ ತನ್ನನ್ನ ತಾನೇ ಹಿಂಡಿಕೊಂಡು ಪಿತ್ತ ಸುರಿಯುತ್ತೆ. ಎಣ್ಣೆ ಒಡೆದು ಸಣ್ಣ ಸಣ್ಣ ಹನಿ ಆಗುತ್ತೆ. ಹೊಟ್ಟೆಯ ಹಿಂದಿನಿಂದ ಇನ್ನೊಂದು ರಸ ಬಂದು ಆ ಹನಿಗಳನ್ನ ಇನ್ನೂ ಚೂರು ಮಾಡುತ್ತೆ. ಆಗ ಕರುಳಿನ ಗೋಡೆ ಅದನ್ನ ಕುಡಿಯುತ್ತೆ."

ಗೋಡೆ ಎಣ್ಣೆ ಕುಡಿಯುತ್ತದೆ ಅಂದದ್ದು ಕೇಳಿ ನನಗೆ ನಮ್ಮ ನಡುಮನೆಯ ಗೋಡೆ ಕಣ್ಣ ಮುಂದೆ ಬಂತು. ನಾನು ಬಾಯಿ ತೆರೆದು ಕೇಳುತ್ತಿದ್ದುದನ್ನು ನೋಡಿ ಡಾಕ್ಟ್ರಮ್ಮ ನನ್ನ ಕಡೆ ತಿರುಗಿ ಮುಂದಿನದನ್ನು ಹೇಳಿದರು. ಗೋಡೆಯೊಳಗೆ ಹೋದ ಚೂರುಗಳು ಮತ್ತೆ ಸೇರಿಕೊಂಡು, ಹಾಲಿನಂಥ ಬೆಳ್ಳನೆಯ ಕಾಲುವೆಗಳಿಗೆ ಇಳಿಯುತ್ತವಂತೆ. ಆ ಕಾಲುವೆಗಳೆಲ್ಲ ಕೂಡಿ ಒಂದಾಗಿ, ಎದೆಯೊಳಗೆ ಮೇಲೇರಿ, ಎಡಗಡೆ ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತವಂತೆ. ನಾನು ಪುಟ್ಟಿಯ ಕುತ್ತಿಗೆಯ ಬುಡ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ನಾವೆಲ್ಲ ಉಂಡ ಎಣ್ಣೆ ಬತ್ತಿ ಏರಿದಂತೆ ಎದೆಯನ್ನು ಏರುತ್ತದೆ ಅನ್ನುವುದು ನನಗೆ ಆ ದಿನ ಪುರಾಣದ ಯಾವ ಕಥೆಗಿಂತಲೂ ದೊಡ್ಡದಾಗಿ ಕಂಡಿತು. ದೇವರು ಇಷ್ಟೆಲ್ಲ ಕೆಲಸವನ್ನು ನಾವು ನಿದ್ದೆ ಮಾಡುವಾಗಲೂ ಒಂದು ಸದ್ದಿಲ್ಲದೆ ಮಾಡಿಸುತ್ತಾನೆ!

"ಇವಳ ಚೀಲದಲ್ಲಿ ಕಲ್ಲು ಇದೆ ಅಜ್ಜಿ," ಅಂದರು ಡಾಕ್ಟ್ರಮ್ಮ. "ತುಪ್ಪ ಬಿದ್ದಾಗಲೆಲ್ಲ ಚೀಲ ಕಲ್ಲಿನ ಮೇಲೆ ಹಿಂಡಿಕೊಳ್ಳುತ್ತೆ. ಅದೇ ನೋವು. ಈಗ ಒಂದು ಕಲ್ಲು ಜಾರಿ ಪಿತ್ತದ ದಾರಿಗೆ ಅಡ್ಡ ಕೂತಿರಬೇಕು. ಅದಕ್ಕೇ ಕಣ್ಣು ಹಳದಿ, ಅದಕ್ಕೇ ಎಣ್ಣೆ ಹಾಗೇ ಹೊರಗೆ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದು ಕೊಡ್ತೀನಿ. ಚೀಲಾನೇ ತೆಗೀಬೇಕು. ತಡ ಮಾಡಬೇಡಿ, ಜೀವಕ್ಕೆ ಕಷ್ಟ."

ಅಜ್ಜಿ ಆ ಲೋಟವನ್ನು ಕೈಗೆ ತೆಗೆದುಕೊಂಡಳು.

"ಗಾಣಕ್ಕೆ ಕಲ್ಲು ಬಿದ್ರೆ ಎತ್ತು ನಿಲ್ಲಿಸ್ತೀವಿ," ಅಂದಳು, ಯಾರಿಗೂ ಅಲ್ಲ ಎಂಬಂತೆ. "ಯಾರಾನ ಮ್ಯಾಲೆ ಇನ್ನಷ್ಟು ಬೀಜ ಸುರೀತಾರಾ? ನಾನು ಸುರಿದೆ."

ಚಿಕ್ಕಮ್ಮ ಮಲಗಿದ್ದಲ್ಲಿಂದಲೇ ಕೇಳಿದ್ದು ಜೀವದ ಮಾತಲ್ಲ.

"ಡಾಕ್ಟ್ರಮ್ಮ, ಚೀಲ ತೆಗೆದ್ರೆ ನಾನು ಎಣ್ಣೆ ತಿನ್ನಾಕೆ ಆಯ್ತದಾ? ನಮ್ಮದು ಗಾಣದ ಮನೆ."

ನಮ್ಮದು ಅಂದಳು. ಅಜ್ಜಿ ತಲೆ ಎತ್ತಿದಳು.

"ಆಗುತ್ತಮ್ಮ. ಚೀಲ ಇಲ್ಲದಿದ್ದರೂ ಕಾರ್ಜ ಪಿತ್ತ ಮಾಡ್ತಾನೇ ಇರುತ್ತೆ. ಒಟ್ಟಿಗೆ ಸುರಿಯೋದಿಲ್ಲ, ತೊಟ್ಟು ತೊಟ್ಟಾಗಿ ಇಳಿಯುತ್ತೆ. ನೀನೂ ತೊಟ್ಟು ತೊಟ್ಟಾಗಿ ತಿನ್ನಬೇಕು, ಅಷ್ಟೇ."

ಬೆಂಗಳೂರಿಗೆ ಚಿಕ್ಕಪ್ಪ, ಅಮ್ಮ ಜೊತೆಗೆ ಹೋದರು. ಪುಟ್ಟಿ ನಮ್ಮ ಪಾಲಿಗೆ ಉಳಿಯಿತು. ಹಾಲೂಡಿಸುವ ಬಾಟಲಿ ಗೀಟಲಿ ನಮ್ಮ ಊರು ಕಂಡಿರಲಿಲ್ಲ. ಅಜ್ಜಿ ದೀಪಕ್ಕೆ ಹೊಸೆಯುವಂಥದ್ದೇ ಹತ್ತಿಯ ದಪ್ಪ ಬತ್ತಿ ಹೊಸೆದು, ಮೇಕೆಯ ಹಾಲು ಕಾಯಿಸಿ ನೀರು ಬೆರೆಸಿ ಅದರಲ್ಲಿ ಅದ್ದಿ, ಮಗುವಿನ ತುಟಿಗೆ ಇಡುತ್ತಿದ್ದಳು. ಪುಟ್ಟಿ ಬತ್ತಿ ಚೀಪುತ್ತಿತ್ತು. ಮತ್ತೆ ಅದ್ದು, ಮತ್ತೆ ಇಡು. ಒಂದು ಬಟ್ಟಲು ಹಾಲು ಮುಗಿಯುವಷ್ಟರಲ್ಲಿ ಬಿಸಿಲ ಕೋಲು ಗೋಡೆಯ ಈ ಕೊನೆಯಿಂದ ಆ ಕೊನೆಗೆ ಹೋಗಿರುತ್ತಿತ್ತು. ಅವಸರವೇ ಗೊತ್ತಿದ್ದ ಅಜ್ಜಿ ಹಾಗೆ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ. ಗಾಣ ಆಡುತ್ತಿತ್ತು, ಬಸವ ಸುತ್ತುತ್ತಿದ್ದ, ಅಜ್ಜಿಯ ತುಟಿ ಅಲುಗುತ್ತಿತ್ತು. ದೇವರ ಹೆಸರೋ, ಜೋಗುಳವೋ ತಿಳಿಯುತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ಊಟದಲ್ಲಿ ಎಣ್ಣೆ ತುಪ್ಪ ಬಿಟ್ಟಿದ್ದಳು. ಹರಕೆಯಾ ಅಂತ ಅಪ್ಪ ಕೇಳಿದ್ದಕ್ಕೆ ಹೀಗಂದಳು:

"ಸುಮ್ಕೆ ಇರಲಾ. ಬಾಯಿ ಕೆಟ್ಟೈತೆ."

ಚಿಕ್ಕಮ್ಮ ಬಂದಳು. ಬಸ್ಸಿನಿಂದ ಇಳಿದಾಗ ಅರ್ಧ ಆಗಿದ್ದಳು, ಆದರೆ ಕಣ್ಣು ಬೆಳ್ಳಗಿತ್ತು. ಹೊಟ್ಟೆಯ ಬಲಗಡೆ ಉದ್ದನೆಯ ಗಾಯದ ಗೆರೆ. ಪುಟ್ಟಿ ಅವಳ ಗುರುತು ಹಿಡಿಯದೆ ಅತ್ತಿತು, ಆಮೇಲೆ ಆ ಹಾಡಿನಂಥ ಮಾತು ಕೇಳಿ ಸುಮ್ಮನಾಯಿತು. ಅಜ್ಜಿ ಕ್ಷಮೆ ಗಿಮೆ ಕೇಳಲಿಲ್ಲ. ನಮ್ಮ ಕಾಲದ ಅತ್ತೆಯರಿಗೆ ಆ ಬಾಯಿ ಇರಲಿಲ್ಲ. ಗಂಜಿ ಮಾಡಿ ತಂದು ಮುಂದಿಟ್ಟು "ತಣ್ಣಗಾಗ್ತದೆ, ಉಣ್ಣು" ಅಂದಳು. ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ, ಇರು ಅನ್ನುವ ಮಾತನ್ನೂ ಯಾರೂ ಆಡಲಿಲ್ಲ. ಅಮ್ಮ ಅವಳ ಪಾಲಿನ ಸಾರಿಗೆ ಬೇರೆ ಪುಟ್ಟ ಮಡಕೆ ಇಟ್ಟಳು. ಚಿಕ್ಕಮ್ಮ ಮಾತ್ರ ದಿನ ದಿನಕ್ಕೂ ಕಾಯುತ್ತಿದ್ದಳು. ಕಡಲೆಕಾಯಿ ಬಿತ್ತನೆ ಆಯಿತು, ಹೂ ಬಿಟ್ಟಿತು, ಕಾಯಿ ಕಟ್ಟಿತು. ಹೊಲದಿಂದ ಗಿಡ ಕಿತ್ತು ತಂದು ಒಟ್ಟಿದ ದಿನ ಅವಳು ನನ್ನ ಕಿವಿಯಲ್ಲಿ ಕೇಳಿದಳು.

"ಈ ಸಲ ಅತ್ತೆ ಕರೀತಾರಾ, ಮಗಾ?"

ಕರೆಯದಿದ್ದರೆ ಆ ಮನೆಯಲ್ಲಿ ಅವಳು ಉಂಡುಕೊಂಡಿರುವ ನೆಂಟಳು. ಕರೆದು ಸೌಟು ತುಂಬ ಸುರಿದರೆ ಮತ್ತೆ ನೋವು. ಎರಡೂ ನನಗೆ ಗೊತ್ತಿತ್ತು.

ಆ ದಿನ ಬಂತು. ಬಸವನ ಕೊರಳಿಗೆ ಚೆಂಡುಹೂವು, ಒರಳಿಗೆ ಅರಿಶಿನ. ಅಪ್ಪ ಬಿಸಿನೀರು ಚಿಮುಕಿಸಿದ, ಬೀಜ ಎಣ್ಣೆ ಬಿಟ್ಟಿತು, ದೀಪ ಹತ್ತಿತು. ಅಜ್ಜಿ ಸೌಟು ಹಿಡಿದು ಕೂತಳು. ಅಪ್ಪ ಕೈ ಒಡ್ಡಿದ, ಚಿಕ್ಕಪ್ಪ ಒಡ್ಡಿದ, ಅಮ್ಮ, ನಾನು. ಚಿಕ್ಕಮ್ಮ ಎದೆಯುದ್ದದ ಗೋಡೆಯ ಆಚೆ ಪುಟ್ಟಿಯನ್ನು ಎತ್ತಿಕೊಂಡು ನಿಂತಿದ್ದಳು. ಒಳಗೆ ಬಂದಿರಲಿಲ್ಲ.

"ಅಂಜಿನೀ," ಅಂತ ಕೂಗಿದಳು ಅಜ್ಜಿ. "ಗೋಡೆ ಕಾಯಾಕೆ ನಿಂತಿದ್ಯಾ? ಬಾ ಇಲ್ಲಿ."

ಚಿಕ್ಕಮ್ಮ ಬಂದು ಕೂತು ಅಂಗೈ ಒಡ್ಡಿದಳು. ಅಜ್ಜಿ ಎಲ್ಲರಿಗೂ ಅದ್ದಿದಂತೆಯೇ ಸೌಟನ್ನು ತುಂಬ ಅದ್ದಿ ತೆಗೆದಳು. ಅಜ್ಜಿ ತನ್ನ ಕಿರುಬೆರಳನ್ನು ಸೌಟಿಗೆ ತಾಗಿಸಿ, ಬೆರಳ ತುದಿಯಲ್ಲಿ ನಿಂತ ಒಂದೇ ಒಂದು ತೊಟ್ಟನ್ನು ಆ ಅಂಗೈಯ ನಡುವೆ ಇಟ್ಟಳು. ಕುಂಕುಮ ಇಟ್ಟಷ್ಟು ಮೆಲ್ಲಗೆ.

"ಚಾಲೇನಮ್ಮ?" ಅಂದಳು.

ಚಿಕ್ಕಮ್ಮ ತೊಟ್ಟನ್ನು ನೆಕ್ಕಿದಳು, ನುಂಗಿದಳು, ಒದ್ದೆ ಅಂಗೈಯನ್ನು ತಲೆಗೆ ಸವರಿಕೊಂಡಳು. ಅಜ್ಜಿ ಸೌಟಿನಲ್ಲಿ ಉಳಿದ ಅಷ್ಟೂ ಎಣ್ಣೆಯನ್ನು ಒರಳಿನ ಮುಂದಿನ ದೀಪಕ್ಕೆ ಬಗ್ಗಿಸಿದಳು.

"ಇವಳ ಪಾಲು ದೇವ್ರು ಉಣ್ಲಿ. ಅವನ ಚೀಲದಾಗೆ ಕಲ್ಲಿಲ್ಲ."

ಮೊದಲು ನಕ್ಕವನು ಚಿಕ್ಕಪ್ಪ. ಅವನು ಬಸವನ ಬೆನ್ನು ತಟ್ಟಿದ, ಕುಯ್ಯೋ ಅನ್ನುವ ಸದ್ದು ಮತ್ತೆ ಎದ್ದಿತು, ಮನೆ ಮೆಲ್ಲಗೆ ತಿರುಗತೊಡಗಿತು. ಎಣ್ಣೆ ಹೆಚ್ಚಾಗಿ ಬಿದ್ದ ದೀಪ ಒಂದು ಗಳಿಗೆ ತಡವರಿಸಿ, ಬತ್ತಿ ಕುಡಿಯುವಷ್ಟನ್ನೇ ಕುಡಿದು ನೆಟ್ಟಗಾಯಿತು. ಚಿಕ್ಕಮ್ಮನ ತೊಡೆಯ ಮೇಲಿದ್ದ ಪುಟ್ಟಿ ಆ ಬೆಳಕಿಗೆ ಕೈ ಚಾಚುತ್ತಿತ್ತು.